ಅಮೆರಿಕದಲ್ಲಿ ಸ್ಟಾರ್ಟಪ್ ಮಾಡುವವರು ವೀಸಾ ಆರಿಸುವುದು ಹೇಗೆ? ಮೊದಲು ಕ್ಯಾಪ್ ಟೇಬಲ್ ತೆಗೆದು ನೋಡಿ

ಅಮೆರಿಕಕ್ಕೆ ಹೋಗಿ ಕಂಪನಿ ಕಟ್ಟಬೇಕು ಅಂತಿರುವವರು ಮೊದಲು ಕೇಳುವುದು "ಓ-1 ಒಳ್ಳೆಯದಾ, ಎಚ್-1ಬಿ ಒಳ್ಳೆಯದಾ" ಅಂತ. ಓ-1 ಅಂದರೆ ಅಸಾಧಾರಣ ಸಾಮರ್ಥ್ಯ ಇರುವವರ ವೀಸಾ, ಎಚ್-1ಬಿ ಅಂದರೆ ಪದವಿ ಬೇಡುವ ಪರಿಣತ ಕೆಲಸದ ವೀಸಾ. ಇದಕ್ಕೆ ಹೀಗೇ ಅಂತ ಉತ್ತರ ಕೊಡಲು ಆಗುವುದಿಲ್ಲ. ಕಂಪನಿಯಲ್ಲಿ ನಿಮ್ಮ ಪಾಲು ಎಷ್ಟು, ಹಣ ಹಾಕಿದವರು ಯಾರು, ನೀವು ಈಗ ಅಮೆರಿಕದ ಒಳಗಿದ್ದೀರಾ ಹೊರಗಿದ್ದೀರಾ, ಯಾವ ದೇಶದ ಪಾಸ್‌ಪೋರ್ಟ್, ಹುಟ್ಟಿದ್ದು ಎಲ್ಲಿ, ಕಂಪನಿ ಈಗಲೇ ನಿಮಗೆ ಸಂಬಳ ಕೊಡುವ ಸ್ಥಿತಿಯಲ್ಲಿದೆಯಾ, ಇಷ್ಟು ಗೊತ್ತಾದ ಮೇಲೆ ಮಾತ್ರ ಒಂದು ವೀಸಾದ ಹೆಸರು ಹೇಳಬಹುದು. ಇದರಲ್ಲಿ ಜನ ಎಲ್ಲಕ್ಕಿಂತ ಕಡಿಮೆ ಯೋಚಿಸುವುದು ಮೊದಲನೆಯದರ ಬಗ್ಗೆ. ಯಾರ ಹತ್ತಿರ ಎಷ್ಟು ಷೇರು ಇದೆ ಅನ್ನುವ ಪಟ್ಟಿಯನ್ನು, ಅಂದರೆ ಕ್ಯಾಪ್ ಟೇಬಲನ್ನು, ವೀಸಾ ಜೊತೆ ಇಟ್ಟು ನೋಡುವವರು ತುಂಬಾ ಕಡಿಮೆ. ವೀಸಾಗೆ ಒಬ್ಬ ವಕೀಲರು, ಫಂಡಿಂಗ್‌ಗೆ ಇನ್ನೊಬ್ಬರು, ಅವರಿಬ್ಬರೂ ಒಮ್ಮೆಯೂ ಮಾತಾಡಿರುವುದಿಲ್ಲ. ಫಂಡಿಂಗ್ ಬರುತ್ತದೆ, ಷೇರು ಹಂಚಿಕೆ ಬದಲಾಗುತ್ತದೆ, ಯಾವ ಶೇಕಡಾವಾರಿನ ಮೇಲೆ ವೀಸಾ ನಿಂತಿತ್ತೋ ಅದೇ ಹೋಗಿರುತ್ತದೆ.

ಹಾಗಾಗಿ ಇಲ್ಲಿ ಒಂದೊಂದು ದಾರಿಯನ್ನೂ ಆ ಕಣ್ಣಿನಿಂದಲೇ ನೋಡೋಣ. ಬರೀ ಅಮೆರಿಕದ ವಿಷಯ. ಶುಲ್ಕ ಮತ್ತು ನಿಯಮ ಆಗಾಗ ಬದಲಾಗುತ್ತವೆ, ಆದ್ದರಿಂದ ಅರ್ಜಿ ಹಾಕುವ ವಾರ ಅಲ್ಲಿನ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ವೆಬ್‌ಸೈಟ್ ಒಮ್ಮೆ ನೋಡಿಕೊಳ್ಳಿ.

ವೀಸಾ ಇಲ್ಲದೆ ಎಷ್ಟು ದೂರ ಹೋಗಬಹುದು

ತುಂಬಾ ದೂರ ಹೋಗಬಹುದು. ಡೆಲವೇರ್ ರಾಜ್ಯದಲ್ಲಿ ಸಿ-ಕಾರ್ಪ್, ಅಂದರೆ ಷೇರು ಕೊಟ್ಟು ಹೂಡಿಕೆ ಎತ್ತಬಹುದಾದ ಕಂಪನಿ, ಶುರು ಮಾಡಲು ನೀವು ಅಮೆರಿಕದ ಪ್ರಜೆ ಆಗಿರಬೇಕಿಲ್ಲ, ವೀಸಾ ಇರಬೇಕಿಲ್ಲ, ಅಲ್ಲಿಗೆ ಕಾಲಿಡಬೇಕೂ ಇಲ್ಲ. ಷೇರು ಇಟ್ಟುಕೊಳ್ಳಬಹುದು, ಬೋರ್ಡ್‌ನಲ್ಲಿ ಇರಬಹುದು, ಹೊರದೇಶದಲ್ಲಿ ಕೂತು ಆ ಕಂಪನಿಯ ಕೆಲಸವನ್ನೂ ಮಾಡಬಹುದು. ತಡೆ ಇರುವುದು ಒಂದಕ್ಕೇ: ಅಮೆರಿಕದ ನೆಲದಲ್ಲಿ ಕೂತು ಕೆಲಸ ಮಾಡುವುದಕ್ಕೆ. ಕಂಪನಿಗೆ ಒಡೆಯರಾಗುವುದು ಬೇರೆ, ಆ ಕಂಪನಿಗೆ ದುಡಿಯುವುದು ಬೇರೆ ಅಂತ ಅಲ್ಲಿನ ಕಾನೂನು ನೋಡುತ್ತದೆ. ಈ ಗೆರೆ ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಸಂಬಳ ತಗೊಳ್ಳದೆ ಸುಮ್ನೆ ಕೋಡ್ ಬರೆದರೂ ಅದು ಕೆಲಸವೇ ಅಂತ ಅಧಿಕಾರಿ ಹೇಳಬಹುದು. "ನಾನು ದುಡ್ಡು ತಗೊಂಡಿಲ್ಲವಲ್ಲ" ಅನ್ನುವ ವಾದವನ್ನು ನಂಬಿ ಕೂರಬೇಡಿ.

ಬಿ-1, ಅಂದರೆ ವ್ಯವಹಾರದ ಭೇಟಿಗೆ ಕೊಡುವ ವೀಸಾದಲ್ಲಿ ಹೋಗಿ ಹೂಡಿಕೆದಾರರನ್ನು ಭೇಟಿ ಮಾಡಬಹುದು, ಗ್ರಾಹಕರ ಜೊತೆ ಒಪ್ಪಂದದ ಮಾತುಕತೆ ನಡೆಸಬಹುದು, ಸಮ್ಮೇಳನಕ್ಕೆ ಹೋಗಬಹುದು, ಬಾಡಿಗೆಗೆ ಜಾಗ ಹುಡುಕಬಹುದು. ಅಲ್ಲೇ ಕೂತು ಪ್ರಾಡಕ್ಟ್ ಕಟ್ಟುವುದು, ಅಮೆರಿಕದ ಕಂಪನಿಯಿಂದ ಸಂಬಳ ಪಡೆಯುವುದು ಆಗುವುದಿಲ್ಲ. ಎಷ್ಟು ದಿನ ಇರಬಹುದು ಅನ್ನುವುದನ್ನು ಒಳಗೆ ಬಿಡುವಾಗ ಕೊಡುವ ಐ-94 ಅನ್ನುವ ದಾಖಲೆಯಲ್ಲಿರುವ ದಿನಾಂಕ ಹೇಳುತ್ತದೆ. ಪಾಸ್‌ಪೋರ್ಟ್‌ನಲ್ಲಿರುವ ಸ್ಟಾಂಪ್‌ನ ಅವಧಿ ಹತ್ತು ವರ್ಷ ಇದ್ದರೂ ಲೆಕ್ಕಕ್ಕೆ ಬರುವುದು ಐ-94. ನನ್ನ ಮಟ್ಟಿಗೆ, ಇನ್ನೂ ಗ್ರಾಹಕರೇ ಸಿಕ್ಕಿಲ್ಲದ ಕಂಪನಿಗೆ ಬಿ-1 ಸಾಕು. ಅಲ್ಲಿಗೆ ಹೋಗಿಯೇ ಕೆಲಸ ಮಾಡಬೇಕು ಅನ್ನುವ ಕಾರಣ ಹುಟ್ಟುವ ಮೊದಲೇ ದೊಡ್ಡ ವೀಸಾಗೆ ಹಣ ಸುರಿಯಬೇಡಿ.

ಈಗಾಗಲೇ ಅಲ್ಲಿ ಓದುತ್ತಿರುವವರಿಗೆ

ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಓದು ಮುಗಿಸಿದವರಿಗೆ 12 ತಿಂಗಳ ಓಪಿಟಿ, ಅಂದರೆ ಕೆಲಸ ಮಾಡುವ ಅನುಮತಿ, ಸಿಗುತ್ತದೆ. ಈ 12 ತಿಂಗಳಲ್ಲಿ ಸ್ವಂತ ಕಂಪನಿಗೆ ಕೆಲಸ ಮಾಡಬಹುದು, ಕೆಲಸ ನಿಮ್ಮ ಓದಿಗೆ ಸಂಬಂಧಪಟ್ಟಿರಬೇಕು ಅಷ್ಟೇ. ವಾರಕ್ಕೆ ಕನಿಷ್ಠ 20 ಗಂಟೆ ಕೆಲಸ ಇರಬೇಕು, ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸ ಇಲ್ಲದೆ ಇರಬಾರದು. ಫೌಂಡರ್‌ಗೆ ಇದಕ್ಕಿಂತ ಸಲೀಸಾದ ಅವಕಾಶ ಅಮೆರಿಕದಲ್ಲಿ ಇನ್ನೊಂದಿಲ್ಲ ಅಂತಲೇ ಹೇಳುತ್ತೇನೆ.

ತೊಂದರೆ ಬರುವುದು ಆಮೇಲೆ. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಇನ್ನೂ 24 ತಿಂಗಳ ಸ್ಟೆಮ್ ಓಪಿಟಿ ಇದೆ, ಆದರೆ ಅದರ ನಿಯಮವೇ ಬೇರೆ. ನೌಕರರ ಕೆಲಸದ ಅನುಮತಿ ಪರಿಶೀಲಿಸುವ ಸರ್ಕಾರಿ ವ್ಯವಸ್ಥೆಯಾದ ಇ-ವೆರಿಫೈನಲ್ಲಿ ಕಂಪನಿ ನೋಂದಣಿ ಆಗಿರಬೇಕು, ಐ-983 ಅನ್ನುವ ತರಬೇತಿ ಯೋಜನೆಗೆ ನಿಮ್ಮನ್ನು ಬಿಟ್ಟು ಬೇರೊಬ್ಬರು ಸಹಿ ಹಾಕಬೇಕು, ನಿಮ್ಮ ಕೆಲಸವನ್ನು ನಿಜವಾಗಿಯೂ ಯಾರಾದರೂ ಮೇಲ್ವಿಚಾರಣೆ ಮಾಡುತ್ತಿರಬೇಕು. ಒಬ್ಬರೇ ಫೌಂಡರ್ ಆಗಿದ್ದರೆ ಇದು ನಡೆಯುವುದಿಲ್ಲ. ಅನುಭವ ಇರುವ ಕೋ-ಫೌಂಡರ್ ಇದ್ದು, ನೀವು ಅವರಿಗೆ ಉತ್ತರ ಕೊಡುವ ವ್ಯವಸ್ಥೆ ಕಾಗದದಲ್ಲೂ ಕೆಲಸದಲ್ಲೂ ಇದ್ದರೆ ಸಾಧ್ಯ. ಆದ್ದರಿಂದ ಮೊದಲ 12 ತಿಂಗಳನ್ನು ಬರೀ ಪ್ರಾಡಕ್ಟ್‌ಗೆ ಖರ್ಚು ಮಾಡಬೇಡಿ, ಮುಂದೆ ಓ-1ಗೆ ಬೇಕಾಗುವ ದಾಖಲೆಗಳನ್ನೂ ಜೊತೆಜೊತೆಗೆ ಕೂಡಿಡುತ್ತಾ ಬನ್ನಿ. ಅವು ಏನು ಅಂತ ಮುಂದೆ ಹೇಳುತ್ತೇನೆ.

ಎಚ್-1ಬಿ: ಎಲ್ಲರಿಗೂ ಗೊತ್ತಿರುವ ದಾರಿ, ಫೌಂಡರ್‌ಗೆ ಬೇರೆಯೇ ಲೆಕ್ಕ

ವರ್ಷಕ್ಕೆ 65,000 ಸೀಟು, ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000. ಮಾರ್ಚ್‌ನಲ್ಲಿ ನೋಂದಣಿ, ಲಾಟರಿಯಲ್ಲಿ ಆಯ್ಕೆಯಾದರೆ ಅಕ್ಟೋಬರ್ 1ರಿಂದ ಕೆಲಸ. ಇದು ಎಲ್ಲರಿಗೂ ಗೊತ್ತು. ಫೌಂಡರ್‌ಗಳಿಗೆ ಗೊತ್ತಿರಬೇಕಾದ್ದು ಬೇರೆ ಇದೆ.

2025ರ ಜನವರಿ 17ರಿಂದ ಜಾರಿಗೆ ಬಂದ ನಿಯಮದಲ್ಲಿ, ತನ್ನದೇ ಕಂಪನಿಯ ಮೂಲಕ ಎಚ್-1ಬಿ ಪಡೆಯಬಹುದು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ನಿಮ್ಮ ಸಮಯದ ಹೆಚ್ಚಿನ ಭಾಗ ಪದವಿ ಬೇಡುವ ಪರಿಣತ ಕೆಲಸಕ್ಕೆ ಹೋಗಬೇಕು. ಉಳಿದ ಸಮಯದಲ್ಲಿ ಹೂಡಿಕೆದಾರರನ್ನು ನೋಡುವುದು, ಕಚೇರಿ ಕೆಲಸ ಮಾಡುವುದು ನಡೆಯುತ್ತದೆ. ಆದರೆ 50 ಶೇಕಡಕ್ಕಿಂತ ಜಾಸ್ತಿ ಷೇರು ಅಥವಾ ಬಹುಮತದ ಓಟು ನಿಮ್ಮ ಕೈಯಲ್ಲಿದ್ದರೆ ಸಾಮಾನ್ಯವಾಗಿ ಸಿಗುವ 3 ವರ್ಷ ಸಿಗುವುದಿಲ್ಲ. ಮೊದಲ ಅರ್ಜಿಗೂ ಮೊದಲ ವಿಸ್ತರಣೆಗೂ ತಲಾ 18 ತಿಂಗಳು ಮಾತ್ರ. ಇಬ್ಬರು ಕೋ-ಫೌಂಡರ್‌ಗಳು ಸರಿ ಅರ್ಧ ಹಂಚಿಕೊಂಡಿದ್ದು ಓಟೂ ಹಾಗೇ ಇದ್ದರೆ ಈ 18 ತಿಂಗಳ ಮಿತಿ ಬರುವುದಿಲ್ಲ. ನೋಡಿ, ಕಂಪನಿ ಶುರು ಮಾಡಿದ ದಿನ ಮಾತಿಗೆ ಮಾತು ಸೇರಿ ಹಂಚಿಕೊಂಡ ಷೇರು ಇಲ್ಲಿ ವೀಸಾದ ಅವಧಿಯನ್ನು ತೀರ್ಮಾನ ಮಾಡುತ್ತದೆ.

ಇನ್ನೊಂದು ದೊಡ್ಡ ವಿಷಯ ಸಂಬಳ. ಎಚ್-1ಬಿಯಲ್ಲಿ ಆ ಊರಿಗೆ, ಆ ಕೆಲಸಕ್ಕೆ ಕಾರ್ಮಿಕ ಇಲಾಖೆ ಹೇಳಿದ ಸಂಬಳವನ್ನು ಕಂಪನಿ ಕೊಡಲೇಬೇಕು. ಕೊಟ್ಟಂತೆ ಕಾಗದದಲ್ಲಿ ತೋರಿಸಿದರೆ ಆಗದು, ಪೇರೋಲ್‌ನಲ್ಲಿ ಹೋಗಬೇಕು, ತೆರಿಗೆ ಕಟ್ಟಬೇಕು. ಬ್ಯಾಂಕಿನಲ್ಲಿ ಹಣ ಇಲ್ಲದ ಸ್ಟಾರ್ಟಪ್‌ಗೆ ಇದು ಭಾರ. ಓ-1ಗೆ, ಮತ್ತು ಹೊರದೇಶದ ಕಂಪನಿಯಿಂದ ಅದರ ಅಮೆರಿಕದ ಕಚೇರಿಗೆ ಬರುವವರ ಎಲ್-1ಗೆ ಈ ಥರದ ನಿಗದಿತ ಸಂಬಳದ ಷರತ್ತು ಇಲ್ಲ.

ಜೊತೆಗೆ 2025ರ ಸೆಪ್ಟೆಂಬರ್ 21ರಿಂದ, ಅಮೆರಿಕದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕು ಅನ್ನುವ ಅಧ್ಯಕ್ಷರ ಆದೇಶ ಬಂತು. ಅದನ್ನು ಮೊದಲಿಗೆ 12 ತಿಂಗಳ ಅವಧಿಗೆ ಹೊರಡಿಸಿದ್ದರು, ನೀವು ಅರ್ಜಿ ಹಾಕುವ ಹೊತ್ತಿಗೆ ಜಾರಿಯಲ್ಲಿದೆಯಾ ಅಂತ ನೋಡಿ. ಜಾರಿಯಲ್ಲಿದ್ದರೆ, ಹೊರಗಿನಿಂದ ಬರುವ ಸಣ್ಣ ಸ್ಟಾರ್ಟಪ್ ಫೌಂಡರ್‌ಗೆ ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೇ. ಅಮೆರಿಕದ ಒಳಗೇ ಎಫ್-1ನಿಂದ ಎಚ್-1ಬಿಗೆ ಬದಲಾಗುವವರಿಗೆ ಈ ಮೊತ್ತ ಇಲ್ಲ ಅಂತ ಯುಎಸ್‌ಸಿಐಎಸ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೇಳಿತು.

ಈಗ ಬೇರೆ ಕಂಪನಿಯಲ್ಲಿ ಎಚ್-1ಬಿಯಲ್ಲಿ ಕೆಲಸ ಮಾಡುತ್ತಾ, ರಾತ್ರಿ ಮತ್ತು ವಾರಾಂತ್ಯದಲ್ಲಿ ಸ್ವಂತ ಸ್ಟಾರ್ಟಪ್ ಕಟ್ಟುತ್ತಿರುವವರು ತುಂಬಾ ಜನ ಇದ್ದಾರೆ. ಅವರಿಗೆ ನನ್ನ ಮಾತು ಇಷ್ಟೇ: ನಿಮ್ಮ ಕೆಲಸದ ಅನುಮತಿ ಆ ಒಂದು ಕಂಪನಿಗೆ ಮಾತ್ರ. ಆದರೆ ದಾರಿ ಇದೆ. ನೀವು ಒಮ್ಮೆ ಲಾಟರಿಯಲ್ಲಿ ಆಯ್ಕೆಯಾಗಿ ಎಚ್-1ಬಿ ಪಡೆದಿದ್ದರೆ, ನಿಮ್ಮ ಸ್ಟಾರ್ಟಪ್ ಎರಡನೇ ಎಚ್-1ಬಿ ಅರ್ಜಿ ಹಾಕಬಹುದು, ಅದಕ್ಕೆ ಮತ್ತೆ ಲಾಟರಿ ಇಲ್ಲ. ಅರ್ಧ ದಿನದ ಕೆಲಸಕ್ಕೂ ಹಾಕಬಹುದು. ಹಗಲು ಕೆಲಸ ಬಿಡದೆ ಕಾನೂನುಬದ್ಧವಾಗಿ ಸ್ಟಾರ್ಟಪ್‌ಗೆ ದುಡಿಯಲು ಇದೇ ಸರಿಯಾದ ವ್ಯವಸ್ಥೆ, ಆದರೂ ಇದನ್ನು ಬಳಸುವವರು ಕಡಿಮೆ. ಹಾಗೇ ನಿಮ್ಮ ಉದ್ಯೋಗ ಒಪ್ಪಂದದಲ್ಲಿ, ನೀವು ಬರೆದದ್ದೆಲ್ಲ ಕಂಪನಿಗೆ ಸೇರಿದ್ದು ಅನ್ನುವ ಷರತ್ತು ಇದೆಯಾ ಅಂತಲೂ ಓದಿಕೊಳ್ಳಿ.

ಲಾಟರಿ ಹತ್ತದವರಿಗೆ ಇನ್ನೊಂದು ಸಂದಿ ಇದೆ. ವಿಶ್ವವಿದ್ಯಾಲಯಗಳು ಮತ್ತು ಅವುಗಳ ಜೊತೆ ಸೇರಿದ ಲಾಭರಹಿತ ಸಂಸ್ಥೆಗಳು ಲಾಟರಿಗೆ ಒಳಪಡುವುದಿಲ್ಲ. ಅಲ್ಲಿ ಅರ್ಧ ದಿನದ ಕೆಲಸ ಸಿಕ್ಕರೆ, ಆ ಕೆಲಸ ನಡೆಯುತ್ತಿರುವಷ್ಟು ಕಾಲ ನಿಮ್ಮ ಸ್ಟಾರ್ಟಪ್ ಜೊತೆಗೆ ಇನ್ನೊಂದು ಎಚ್-1ಬಿ ಹಾಕಬಹುದು. ಇದನ್ನೇ ನಂಬಿ ಫೌಂಡರ್‌ಗಳಿಗೆ ಸಹಾಯ ಮಾಡುವ ಕಾರ್ಯಕ್ರಮಗಳು ಕೆಲವು ವಿಶ್ವವಿದ್ಯಾಲಯಗಳಲ್ಲಿ ಇವೆ.

ಓ-1: ಇಲ್ಲಿ ಸ್ವಲ್ಪ ನಿಲ್ಲೋಣ

ಟೆಕ್ ಫೌಂಡರ್‌ಗಳಿಗೆ ಈಗ ಹೆಚ್ಚು ಕೆಲಸಕ್ಕೆ ಬರುತ್ತಿರುವುದು ಓ-1ಎ, ಅಂದರೆ ವಿಜ್ಞಾನ, ವ್ಯಾಪಾರದಂಥ ಕ್ಷೇತ್ರದವರಿಗೆ ಇರುವ ಓ-1. ಲಾಟರಿ ಇಲ್ಲ, ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇಲ್ಲ, ಇಂಥ ಪದವಿಯೇ ಬೇಕು ಅಂತಿಲ್ಲ. ಮೊದಲಿಗೆ 3 ವರ್ಷದವರೆಗೆ ಕೊಡುತ್ತಾರೆ, ಆಮೇಲೆ ಅದೇ ಕೆಲಸಕ್ಕೆ ವರ್ಷ ವರ್ಷ ವಿಸ್ತರಿಸಬಹುದು, ಇಷ್ಟು ಸಲ ಮಾತ್ರ ಅಂತ ಇಲ್ಲ. ಷೇರಿನ ಲೆಕ್ಕದಲ್ಲೂ ಇದು ತುಂಬಾ ಸಡಿಲ. ನಿಮ್ಮ ಪಾಲು 90 ಶೇಕಡ ಇದ್ದರೂ ಸರಿ, 9 ಶೇಕಡಕ್ಕೆ ಇಳಿದರೂ ಸರಿ. ಹಲವು ಸುತ್ತು ಫಂಡಿಂಗ್ ಎತ್ತುವ ಯೋಜನೆ ಇರುವವರಿಗೆ ನಾನು ಓ-1ನ್ನೇ ಮೊದಲು ನೋಡಿ ಅನ್ನುವುದು ಈ ಕಾರಣಕ್ಕೆ.

ನಿಮಗೆ ನೀವೇ ಅರ್ಜಿ ಹಾಕಿಕೊಳ್ಳುವ ಹಾಗಿಲ್ಲ, ಅಮೆರಿಕದ ಕಂಪನಿ ಅಥವಾ ಏಜೆಂಟ್ ಹಾಕಬೇಕು. ಆದರೆ ಆ ಕಂಪನಿ ನಿಮ್ಮದೇ ಆಗಿರಬಹುದು. ನೀವು ಒಡೆಯರಾಗಿರುವ, ಕಾನೂನಿನ ಪ್ರಕಾರ ಬೇರೆ ಅಸ್ತಿತ್ವ ಇರುವ ಕಂಪನಿ ಅರ್ಜಿ ಹಾಕಬಹುದು ಅಂತ 2025ರ ಜನವರಿಯಲ್ಲಿ ಯುಎಸ್‌ಸಿಐಎಸ್ ತನ್ನ ಕೈಪಿಡಿಯಲ್ಲೇ ಬರೆಯಿತು.

"ಅಸಾಧಾರಣ ಸಾಮರ್ಥ್ಯ" ಅನ್ನುವ ಮಾತು ಕೇಳಿ ಹೆದರಿ ಹಿಂದೆ ಸರಿಯುವವರು ತುಂಬಾ. ನೊಬೆಲ್ ಥರದ ದೊಡ್ಡ ಪ್ರಶಸ್ತಿ ಇದ್ದರೆ ಒಂದೇ ಸಾಕು, ಇಲ್ಲದವರು 8 ಮಾನದಂಡಗಳಲ್ಲಿ 3 ತೋರಿಸಬೇಕು. ಪ್ರಶಸ್ತಿ, ಸಾಧನೆ ನೋಡಿ ಕೊಡುವ ಸದಸ್ಯತ್ವ, ನಿಮ್ಮ ಬಗ್ಗೆ ಪತ್ರಿಕೆಗಳಲ್ಲಿ ಬಂದ ಬರಹ, ಬೇರೆಯವರ ಕೆಲಸಕ್ಕೆ ತೀರ್ಪುಗಾರರಾಗಿದ್ದು, ನಿಮ್ಮ ಕ್ಷೇತ್ರಕ್ಕೆ ಮಹತ್ವದ ಸ್ವಂತ ಕೊಡುಗೆ, ವಿದ್ವತ್ ಲೇಖನ, ಹೆಸರಿರುವ ಸಂಸ್ಥೆಯಲ್ಲಿ ಮುಖ್ಯ ಪಾತ್ರ, ಹೆಚ್ಚಿನ ಸಂಬಳ. ಇವೇ ಎಂಟು. ಮೂರು ಗುರುತು ಹಾಕಿದರೆ ಮುಗಿಯಿತು ಅಂತಲ್ಲ, ಎಲ್ಲ ಸೇರಿಸಿ ನೋಡಿದಾಗ ಈ ವ್ಯಕ್ತಿ ತನ್ನ ಕ್ಷೇತ್ರದಲ್ಲಿ ಮೇಲಿನ ಸಣ್ಣ ಗುಂಪಿನಲ್ಲಿದ್ದಾರೆ ಅಂತ ಅಧಿಕಾರಿಗೆ ಅನ್ನಿಸಬೇಕು.

ಫೌಂಡರ್‌ಗೆ ಸಹಜವಾಗಿ ಹೊಂದುವುದು ಮುಖ್ಯ ಪಾತ್ರ ಅನ್ನುವ ಮಾನದಂಡ. ಹೆಸರು ಮಾಡಿದ ಸ್ಟಾರ್ಟಪ್‌ನ ಸ್ಥಾಪಕರಾಗಿರುವುದನ್ನು ಯುಎಸ್‌ಸಿಐಎಸ್ ಉದಾಹರಣೆಯಾಗಿಯೇ ಕೊಟ್ಟಿದೆ. ಕಂಪನಿಗೆ ಹೆಸರಿದೆ ಅಂತ ತೋರಿಸಲು ಸರ್ಕಾರಿ ಅನುದಾನ, ವೆಂಚರ್ ಫಂಡ್ ಅಥವಾ ಏಂಜೆಲ್ ಹೂಡಿಕೆದಾರರ ಹಣವನ್ನು ದಾಖಲೆಯಾಗಿ ಕೊಡಬಹುದು. ಆ ಮೊತ್ತ ನಿಮ್ಮ ಉದ್ಯಮಕ್ಕೆ, ನಿಮ್ಮ ಹಂತಕ್ಕೆ ತಕ್ಕ ಹಾಗಿರಬೇಕು. ಸೀಡ್ ಹಂತದ ಕಂಪನಿಯನ್ನು ದೊಡ್ಡ ಕಂಪನಿಗೆ ಹೋಲಿಸಿ ಅಳೆಯುವುದಿಲ್ಲ. ವಿದ್ವತ್ ಲೇಖನ ನಿಮ್ಮ ವೃತ್ತಿಗೆ ಹೊಂದದಿದ್ದರೆ ದೊಡ್ಡ ಉದ್ಯಮ ಮೇಳದಲ್ಲಿ ಕೊಟ್ಟ ಭಾಷಣವನ್ನು ಅದರ ಬದಲಿಗೆ ಕೊಡಲು ಅವಕಾಶ ಇದೆ.

ಸ್ವಂತ ಕೊಡುಗೆ ಅನ್ನುವಲ್ಲಿ ಹೆಚ್ಚು ಜನ ಎಡವುತ್ತಾರೆ. ಪೇಟೆಂಟ್ ಪ್ರತಿ ಲಗತ್ತಿಸಿ ಸುಮ್ಮನಾಗುತ್ತಾರೆ. ಪೇಟೆಂಟ್ ಇದೆ ಅಂದರೆ ಹೊಸತು ಅಂತಾಯಿತು, ಅದರಿಂದ ಯಾರಿಗೆ ಏನು ಬದಲಾಯಿತು ಅಂತ ಗೊತ್ತಾಗಲಿಲ್ಲವಲ್ಲ. ಯಾರು ಬಳಸುತ್ತಿದ್ದಾರೆ, ಎಷ್ಟು ಬಳಕೆ, ಬೇರೆ ಕಂಪನಿಗಳು ನಿಮ್ಮ ಓಪನ್ ಸೋರ್ಸ್ ಕೋಡ್ ಮೇಲೆ ಏನು ಕಟ್ಟಿವೆ, ಗ್ರಾಹಕರಿಗೆ ಎಷ್ಟು ಉಳಿತಾಯ ಆಯಿತು, ಇದನ್ನೆಲ್ಲ ದಾಖಲೆ ಸಮೇತ ಹೇಳಬೇಕು. ಶಿಫಾರಸು ಪತ್ರಗಳೂ ಹಾಗೇ. "ಇವರು ಬಹಳ ಪ್ರತಿಭಾವಂತರು" ಅಂತ ಬರೆದ ಹತ್ತು ಪತ್ರಕ್ಕಿಂತ, ನಿಮ್ಮ ಜೊತೆ ಕೆಲಸ ಮಾಡಿರದ ಒಬ್ಬ ತಜ್ಞರು "ಈ ವಿಧಾನದಿಂದ ನಮ್ಮ ತಂಡದ ಕೆಲಸ ಹೀಗೆ ಬದಲಾಯಿತು" ಅಂತ ಬರೆದ ಒಂದು ಪತ್ರ ಹೆಚ್ಚು ಬೆಲೆ ಬಾಳುತ್ತದೆ.

ದುಡ್ಡು ಕೊಟ್ಟರೆ ಪ್ರಶಸ್ತಿ, ದುಡ್ಡು ಕೊಟ್ಟರೆ ಸದಸ್ಯತ್ವ, ದುಡ್ಡು ಕೊಟ್ಟರೆ ಸಂದರ್ಶನ ಅಂತ ಮೆಸೇಜ್ ಕಳಿಸುವವರ ಹತ್ತಿರ ಹೋಗಬೇಡಿ. ಶುಲ್ಕ ಕಟ್ಟಿದವರಿಗೆಲ್ಲ ಸಿಗುವ ಸದಸ್ಯತ್ವ ಮಾನದಂಡಕ್ಕೆ ಲೆಕ್ಕವೇ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಅಂಥ ಒಂದು ಕಾಗದ ನಿಮ್ಮ ಒಳ್ಳೆಯ ದಾಖಲೆಗಳ ಮೇಲೂ ಅನುಮಾನ ತರುತ್ತದೆ. ಅದೇ ಹೊತ್ತನ್ನು ಒಂದು ಒಳ್ಳೆಯ ಸಮ್ಮೇಳನದ ಪ್ರಬಂಧಗಳನ್ನು ಪರಿಶೀಲಿಸಲು ಅಥವಾ ಗಟ್ಟಿಯಾದ ಸ್ಪರ್ಧೆಗೆ ತೀರ್ಪುಗಾರರಾಗಲು ಬಳಸಿ, ಬಂದ ಆಹ್ವಾನದ ಇಮೇಲ್‌ನಿಂದ ಹಿಡಿದು ಕೊನೆಯ ಧನ್ಯವಾದದವರೆಗೆ ಎಲ್ಲವನ್ನೂ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ.

ಓ-1ರ ದೊಡ್ಡ ಕೊರತೆ ಮನೆಯವರಿಗೆ ಸಂಬಂಧಿಸಿದ್ದು. ಗಂಡ ಅಥವಾ ಹೆಂಡತಿಗೆ ಸಿಗುವ ಓ-3ಯಲ್ಲಿ ಕೆಲಸ ಮಾಡುವ ಹಾಗಿಲ್ಲ. ಫೌಂಡರ್ ಮನೆಗೆ ಮೊದಲ ವರ್ಷಗಳಲ್ಲಿ ಸಂಬಳ ಬರುವುದೇ ಕಡಿಮೆ. ಹಾಗಿರುವಾಗ ಇನ್ನೊಬ್ಬರ ದುಡಿಮೆಯೂ ನಿಂತರೆ ಕಷ್ಟ ಆಗುತ್ತದೆ, ಅಲ್ವಾ? ಇದನ್ನು ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಕೂತು ಮಾತಾಡಿ. ಹೋಲಿಕೆಗೆ ಹೇಳುವುದಾದರೆ ಎಲ್-1 ಮತ್ತು ಹೂಡಿಕೆದಾರರ ವೀಸಾ ಆದ ಇ-2ರಲ್ಲಿ ಬಂದವರ ಸಂಗಾತಿಗೆ ಬೇರೆ ಅನುಮತಿ ಕೇಳದೆಯೇ ಕೆಲಸ ಮಾಡುವ ಹಕ್ಕಿದೆ. ಎಚ್-1ಬಿಯವರ ಸಂಗಾತಿಯಾಗಿ ಎಚ್-4ನಲ್ಲಿರುವವರಿಗೆ, ಎಚ್-1ಬಿಯವರ ಐ-140 (ಗ್ರೀನ್ ಕಾರ್ಡ್‌ನ ಮೊದಲ ಹಂತದ ಅರ್ಜಿ) ಮಂಜೂರಾದ ಮೇಲೆ ಅನುಮತಿಗೆ ಅರ್ಜಿ ಹಾಕಲು ಅವಕಾಶ ಇದೆ.

ಎಲ್-1: ಹೊರಗೆ ಕಂಪನಿ ನಡೆಯುತ್ತಿದ್ದರೆ

ನಿಮ್ಮ ದೇಶದಲ್ಲಿ ಕಂಪನಿ ಇದೆ, ಜನ ಕೆಲಸ ಮಾಡುತ್ತಿದ್ದಾರೆ, ಈಗ ಅಮೆರಿಕದಲ್ಲಿ ಕಚೇರಿ ತೆರೆಯಬೇಕು ಅಂದರೆ ವ್ಯವಸ್ಥಾಪಕರಿಗೆ ಕೊಡುವ ಎಲ್-1ಎ ನೋಡಿ. ಹಿಂದಿನ 3 ವರ್ಷದಲ್ಲಿ ಒಂದು ವರ್ಷ ಬಿಡದೆ ಆ ಕಂಪನಿಯಲ್ಲಿ ಅಮೆರಿಕದ ಹೊರಗೆ ಕೆಲಸ ಮಾಡಿರಬೇಕು. ಹೊಸ ಕಚೇರಿ ಆದರೆ ಮೊದಲಿಗೆ ಒಂದೇ ವರ್ಷ ಕೊಡುತ್ತಾರೆ, ಕಚೇರಿಗೆ ನಿಜವಾದ ಜಾಗ ತೋರಿಸಬೇಕು. ಆಮೇಲೆ ಎರಡೆರಡು ವರ್ಷ ವಿಸ್ತರಣೆ, ಒಟ್ಟು 7 ವರ್ಷ.

ಮೊದಲ ಮಂಜೂರಾತಿಗಿಂತ ಕಷ್ಟ ಆ ಒಂದು ವರ್ಷದ ನಂತರದ ವಿಸ್ತರಣೆ. ಅಷ್ಟರಲ್ಲಿ ನೀವು ವ್ಯವಸ್ಥಾಪಕರಾಗಿ ಇರಲು ಬೇಕಾದಷ್ಟು ಜನ, ವ್ಯವಹಾರ ಅಲ್ಲಿ ಇರಬೇಕು. ಒಬ್ಬರೇ ಕೂತು ಕೋಡ್ ಬರೆದು, ಮಾರಾಟವನ್ನೂ ಮಾಡಿ, ಗ್ರಾಹಕರ ಫೋನನ್ನೂ ತೆಗೆಯುತ್ತಿದ್ದರೆ ಅದು ವ್ಯವಸ್ಥಾಪಕರ ಕೆಲಸ ಅಂತ ಒಪ್ಪುವುದು ಕಷ್ಟ. ಹೊರಗಿನ ಕಂಪನಿಯೂ ಇಡೀ ಅವಧಿಯಲ್ಲಿ ನಡೆಯುತ್ತಲೇ ಇರಬೇಕು. ಎಲ್ಲರನ್ನೂ ಅಮೆರಿಕಕ್ಕೆ ಸಾಗಿಸಿ ಹೊರಗಿನ ಕಂಪನಿಗೆ ಬಾಗಿಲು ಹಾಕಿದರೆ ಎಲ್-1 ಉಳಿಯುವುದಿಲ್ಲ.

ಇನ್ನು ಷೇರಿನ ಲೆಕ್ಕ. ಇದನ್ನು ನಿಧಾನವಾಗಿ ಓದಿ. ಎರಡು ಕಂಪನಿಗಳ ನಡುವೆ ತಾಯಿ-ಮಗು ಸಂಬಂಧ ಇರಬೇಕು, ಅಥವಾ ಎರಡನ್ನೂ ಒಬ್ಬರೇ ಅಥವಾ ಅದೇ ಗುಂಪಿನವರು ಹಿಡಿತದಲ್ಲಿ ಇಟ್ಟುಕೊಂಡಿರಬೇಕು. ಒಂದು ಉದಾಹರಣೆ: ಹೊರದೇಶದ ಕಂಪನಿ ಪೂರ್ತಿ ನಿಮ್ಮ ಹೆಸರಿನಲ್ಲಿದೆ, ಡೆಲವೇರ್ ಕಂಪನಿಯೂ ಪೂರ್ತಿ ನಿಮ್ಮದೇ. ಇವತ್ತಿಗೆ ಎರಡೂ ಒಂದೇ ಒಡೆತನ, ಎಲ್-1 ಸಿಗುತ್ತದೆ. ನಾಳೆ ಡೆಲವೇರ್ ಕಂಪನಿಗೆ ಹೂಡಿಕೆದಾರರು ಬಂದು ನಿಮ್ಮ ಪಾಲು 35 ಶೇಕಡಕ್ಕೆ ಇಳಿದು ಹಿಡಿತ ಬೇರೆಯವರ ಕೈಗೆ ಹೋದರೆ, ಎರಡರ ನಡುವಿನ ಕೊಂಡಿಯೇ ಕಳಚುತ್ತದೆ. ವಿಸ್ತರಣೆಗೆ ಹೋದಾಗ ಆಗ ತೋರಿಸಲು ಏನೂ ಇರುವುದಿಲ್ಲ. ಅದೇ ಮೊದಲೇ ಡೆಲವೇರ್ ಕಂಪನಿ ಹೊರದೇಶದ ಕಂಪನಿಯ ಷೇರನ್ನು ಕೊಂಡು ಅದಕ್ಕೆ ತಾಯಿ ಕಂಪನಿ ಆಗಿದ್ದರೆ, ಮೇಲಿನ ಕಂಪನಿಯಲ್ಲಿ ಎಷ್ಟೇ ಜನ ಹಣ ಹಾಕಿದರೂ ಕೆಳಗಿನದು ಅದರ ಮಗುವಾಗಿಯೇ ಇರುತ್ತದೆ, ಕೊಂಡಿ ಉಳಿಯುತ್ತದೆ. ಈ ಅದಲುಬದಲಿಗೆ ಹೊರದೇಶದ ತೆರಿಗೆ ಮತ್ತು ವಿದೇಶಿ ವಿನಿಮಯದ ನಿಯಮಗಳು ಬರುತ್ತವೆ, ಲೆಕ್ಕಪರಿಶೋಧಕರನ್ನು ಕೇಳದೆ ಮಾಡಬೇಡಿ. ಆದರೆ ಟರ್ಮ್ ಶೀಟ್‌ಗೆ, ಅಂದರೆ ಹೂಡಿಕೆಯ ಷರತ್ತುಗಳ ಕಾಗದಕ್ಕೆ, ಸಹಿ ಹಾಕುವ ಮೊದಲು ಕೇಳಿ.

ಇ-2 ಮತ್ತು ಐಇಆರ್

ಇ-2 ಅಮೆರಿಕದ ಜೊತೆ ಒಪ್ಪಂದ ಇರುವ ದೇಶಗಳ ಪ್ರಜೆಗಳಿಗೆ. ಭಾರತ ಮತ್ತು ಚೀನಾ ಆ ಪಟ್ಟಿಯಲ್ಲಿ ಇಲ್ಲ. ಹಣ ಕೊಟ್ಟು ಒಪ್ಪಂದ ಇರುವ ದೇಶದ ಪೌರತ್ವ ತಗೊಂಡು ಬರುವ ದಾರಿಯನ್ನು ಏಜೆಂಟರು ಈಗಲೂ ಮಾರುತ್ತಾರೆ. 2022ರ ಡಿಸೆಂಬರ್‌ನಲ್ಲಿ ಬಂದ ಕಾನೂನಿನ ಪ್ರಕಾರ, ಹಾಗೆ ಪೌರತ್ವ ಪಡೆದವರು ಆ ದೇಶದಲ್ಲಿ 3 ವರ್ಷ ಬಿಡದೆ ನೆಲೆಸಿರಬೇಕು. ಒಪ್ಪಂದ ಇರುವ ದೇಶದವರಿಗೆ ಮಾತ್ರ ಇದು ಒಳ್ಳೆಯ ವೀಸಾ, ಹೂಡಿಕೆಗೆ ಕನಿಷ್ಠ ಮೊತ್ತ ಅಂತ ಕಾನೂನಿನಲ್ಲಿ ಬರೆದಿಲ್ಲ. ಆದರೆ ಕಂಪನಿಯ ಕನಿಷ್ಠ ಅರ್ಧ ಪಾಲು ಅದೇ ದೇಶದವರ ಕೈಯಲ್ಲಿ ಇರಬೇಕು. ಎರಡು ಸುತ್ತು ಫಂಡಿಂಗ್ ಆದರೆ ಅರ್ಧಕ್ಕಿಂತ ಕೆಳಗೆ ಹೋಗುವುದು ಮಾಮೂಲು. ಹೊರಗಿನ ಹಣ ಎತ್ತದೆ ಸ್ವಂತ ದುಡ್ಡಲ್ಲಿ ನಡೆಸುವವರಿಗೆ ಇದು ಸರಿ.

ಐಇಆರ್, ಅಂದರೆ ಇಂಟರ್‌ನ್ಯಾಷನಲ್ ಆಂತ್ರಪ್ರನರ್ ರೂಲ್, 2017ರ ಜನವರಿಯಲ್ಲಿ ಬಂದ ನಿಯಮ. ಫೌಂಡರ್‌ಗಳಿಗಾಗಿಯೇ ಮಾಡಿದ್ದು, ಆದರೆ ಇದು ವೀಸಾ ಅಲ್ಲ, ಪರೋಲ್, ಅಂದರೆ ವೀಸಾ ಇಲ್ಲದೆ ತಾತ್ಕಾಲಿಕವಾಗಿ ಒಳಗಿರಲು ಕೊಡುವ ಅನುಮತಿ. ಕಂಪನಿ ಶುರುವಾಗಿ 5 ವರ್ಷ ದಾಟಿರಬಾರದು, ನಿಮ್ಮ ಪಾಲು ಕನಿಷ್ಠ 10 ಶೇಕಡ ಇರಬೇಕು, ಅರ್ಹ ಅಮೆರಿಕನ್ ಹೂಡಿಕೆದಾರರಿಂದ 3,11,071 ಡಾಲರ್ ಅಥವಾ ಸರ್ಕಾರಿ ಅನುದಾನ 1,24,429 ಡಾಲರ್ ಬಂದಿರಬೇಕು. ಇವು 2024ರ ಅಕ್ಟೋಬರ್‌ನಿಂದ ಇರುವ ಮೊತ್ತಗಳು, 3 ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. ನಿಮ್ಮ ಸ್ವಂತ ಹಣ, ಅಪ್ಪ-ಅಮ್ಮನ ಹಣ ಲೆಕ್ಕಕ್ಕಿಲ್ಲ. ಒಂದು ಕಂಪನಿಯಿಂದ 3 ಫೌಂಡರ್‌ಗಳವರೆಗೆ ಬರಬಹುದು. 30 ತಿಂಗಳು, ಆಮೇಲೆ ಇನ್ನೂ 30 ತಿಂಗಳು, ಎರಡನೇ ಸಲಕ್ಕೆ ಪಾಲು 5 ಶೇಕಡ ಇದ್ದರೂ ನಡೆಯುತ್ತದೆ. ಪದವಿ ಇಲ್ಲದ, ಪ್ರಶಸ್ತಿ ಇಲ್ಲದ, ಆದರೆ ಒಳ್ಳೆಯ ಹೂಡಿಕೆ ಬಂದಿರುವ ಫೌಂಡರ್‌ಗೆ ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಹೊಂದುವುದು ಇನ್ನೊಂದಿಲ್ಲ. ಆದರೂ ನಾನು ಇದನ್ನು ಎರಡನೇ ಆಯ್ಕೆಯಾಗಿ ಇಡುತ್ತೇನೆ. ಪರೋಲ್ ಕೊಡುವುದು ಬಿಡುವುದು ಪೂರ್ತಿ ಸರ್ಕಾರದ ವಿವೇಚನೆ. ಅಮೆರಿಕದ ಒಳಗೇ ಕೂತು ಇದರಿಂದ ಬೇರೆ ವೀಸಾ ಸ್ಥಿತಿಗೆ ಬದಲಾಗಲು ಆಗುವುದಿಲ್ಲ, ಹೊರಗೆ ಹೋಗಿ ಬರಬೇಕು.

ಗ್ರೀನ್ ಕಾರ್ಡ್ ಯೋಚನೆ ಈಗಲೇ ಬೇಕು

ಯಾವ ತಾತ್ಕಾಲಿಕ ವೀಸಾ ಆರಿಸಿದರೂ ಗ್ರೀನ್ ಕಾರ್ಡ್ ದಾರಿಯನ್ನು ಅದೇ ದಿನ ನೋಡಿ. ಕಂಪನಿಯ ಹಂಗಿಲ್ಲದೆ ನಿಮಗೆ ನೀವೇ ಅರ್ಜಿ ಹಾಕಿಕೊಳ್ಳಬಹುದಾದವು ಎರಡು, ಅಸಾಧಾರಣ ಸಾಮರ್ಥ್ಯದವರ ಇಬಿ-1ಎ, ಮತ್ತು ದೇಶದ ಹಿತ ನೋಡಿ ಉದ್ಯೋಗದಾತರ ಷರತ್ತು ಬಿಟ್ಟುಕೊಡುವ ಇಬಿ-2 ಎನ್‌ಐಡಬ್ಲ್ಯೂ. ಇಬಿ-1ಎ ಓ-1ರ ಹಾಗೇ ಇದೆ, 10 ಮಾನದಂಡದಲ್ಲಿ 3 ತೋರಿಸಬೇಕು, ಆದರೆ ಅಳತೆ ಹೆಚ್ಚು ಬಿಗಿ. ಓ-1 ಸಿಕ್ಕಿದ ತಕ್ಷಣ ಇದೂ ಸಿಗುತ್ತದೆ ಅಂತ ಎಣಿಸಬೇಡಿ. ಎನ್‌ಐಡಬ್ಲ್ಯೂಗೆ 2016ರ ಧನಸರ್ ತೀರ್ಪಿನ ಮೂರು ಪರೀಕ್ಷೆಗಳಿವೆ: ನಿಮ್ಮ ಕೆಲಸಕ್ಕೆ ಗಣನೀಯ ಮೌಲ್ಯವೂ ರಾಷ್ಟ್ರಮಟ್ಟದ ಮಹತ್ವವೂ ಇರಬೇಕು, ಅದನ್ನು ಮುಂದಕ್ಕೆ ಒಯ್ಯಬಲ್ಲ ಸ್ಥಿತಿಯಲ್ಲಿ ನೀವಿರಬೇಕು, ಉದ್ಯೋಗದಾತರ ಷರತ್ತನ್ನು ಬಿಟ್ಟುಕೊಡುವುದು ಒಟ್ಟಾರೆ ಅಮೆರಿಕಕ್ಕೆ ಒಳ್ಳೆಯದಾಗಿರಬೇಕು. ಎಲ್-1ಎಯಲ್ಲಿ ಬಂದವರಿಗೆ ವ್ಯವಸ್ಥಾಪಕರ ಗ್ರೀನ್ ಕಾರ್ಡ್ ದಾರಿ ಇಬಿ-1ಸಿ ಇದೆ, ಅಮೆರಿಕದ ಕಂಪನಿ ಒಂದು ವರ್ಷ ವ್ಯವಹಾರ ಮಾಡಿರಬೇಕು. ಪರ್ಮ್, ಅಂದರೆ ಕಾರ್ಮಿಕ ಇಲಾಖೆಯ ಪ್ರಮಾಣಪತ್ರ ಪಡೆದು ಹೋಗುವ ದಾರಿ, ಫೌಂಡರ್‌ಗೆ ಕಷ್ಟ, ಕೆಲಸ ಎಲ್ಲರಿಗೂ ತೆರೆದಿದೆ ಅಂತ ಜಾಹೀರಾತು ಕೊಟ್ಟು ತೋರಿಸಬೇಕು, ಕಂಪನಿ ನಿಮ್ಮದೇ ಆಗಿರುವಾಗ ಅದನ್ನು ನಂಬಿಸುವುದು ಹೇಗೆ?

ಗ್ರೀನ್ ಕಾರ್ಡ್‌ಗೆ ಕಾಯುವ ಸರದಿಯ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಪೌರತ್ವ ಅಲ್ಲ, ಹುಟ್ಟಿದ ದೇಶ. ಭಾರತದಲ್ಲಿ ಹುಟ್ಟಿದವರಿಗೆ ಇಬಿ-2 ಸರದಿ ಹತ್ತು ವರ್ಷಕ್ಕೂ ಹೆಚ್ಚು ಹಿಂದಿದೆ, ಇಬಿ-1 ಅದಕ್ಕಿಂತ ತುಂಬಾ ವಾಸಿ. ನಿಮ್ಮ ಸಂಗಾತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಸರದಿಯನ್ನು ಬಳಸಿಕೊಳ್ಳಬಹುದು, ಇದನ್ನು ಮೊದಲ ಭೇಟಿಯಲ್ಲೇ ವಕೀಲರಿಗೆ ಹೇಳಿ. ಸರದಿ ಉದ್ದ ಅಂತ ಎನ್‌ಐಡಬ್ಲ್ಯೂ ಹಾಕದೆ ಕೂರಬೇಡಿ. ಅದು ಮಂಜೂರಾದರೆ ಆ ಅರ್ಜಿಯ ಪ್ರಯಾರಿಟಿ ಡೇಟ್, ಅಂದರೆ ಸರದಿಯಲ್ಲಿ ನಿಮ್ಮ ಜಾಗ ಹೇಳುವ ದಿನಾಂಕ, ನಿಮ್ಮದಾಗಿ ಉಳಿಯುತ್ತದೆ, ಮುಂದೆ ಇಬಿ-1ಎ ಸಿಕ್ಕಾಗ ಅದೇ ಹಳೆಯ ದಿನಾಂಕವನ್ನು ಅಲ್ಲಿಗೆ ಒಯ್ಯಬಹುದು. ಒಂದು ಎಚ್ಚರಿಕೆ ಮಾತ್ರ ಇದೆ: ಗ್ರೀನ್ ಕಾರ್ಡ್ ಅರ್ಜಿ ಹಾಕಿದ ಮೇಲೆ ಬಿ-1 ಅಥವಾ ಎಫ್-1 ವೀಸಾ ಸ್ಟಾಂಪ್ ಹಾಕಿಸಲು ಕಾನ್ಸುಲೇಟ್‌ಗೆ ಹೋದರೆ, ವಾಪಸ್ ಹೋಗುವ ಉದ್ದೇಶ ಇಲ್ಲ ಅಂತ ತಿರಸ್ಕರಿಸಬಹುದು. ಎಚ್-1ಬಿ ಮತ್ತು ಎಲ್-1ಗೆ ಆ ತೊಂದರೆ ಇಲ್ಲ, ಓ-1ರಲ್ಲೂ ಅದೊಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ಹಾಗಾಗಿ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಇಲ್ಲಿ ಮುಖ್ಯ.

ಇಷ್ಟಾದ ಮೇಲೆ ಆರಿಸುವುದು

ಮೊದಲು ಒಂದು ಹಾಳೆಯಲ್ಲಿ ಇವತ್ತಿನ ಷೇರು ಹಂಚಿಕೆ ಬರೆಯಿರಿ. ಪಕ್ಕದಲ್ಲಿ ಮುಂದಿನ ಎರಡು ಸುತ್ತು ಫಂಡಿಂಗ್ ಆದ ಮೇಲೆ, ನೌಕರರ ಷೇರು ಪಾಲನ್ನೂ ತೆಗೆದಿಟ್ಟರೆ, ನಿಮ್ಮದು ಎಷ್ಟು ಉಳಿಯುತ್ತದೆ ಅಂತ ಬರೆಯಿರಿ. ಆ ಎರಡನೇ ಸಂಖ್ಯೆ ಅರ್ಧಕ್ಕಿಂತ ಕೆಳಗಿದ್ದರೆ ಇ-2 ಬಿಡಿ. ಎರಡು ದೇಶದ ಕಂಪನಿಗಳು ನಿಮ್ಮ ವೈಯಕ್ತಿಕ ಹೆಸರಿನ ಮೂಲಕ ಮಾತ್ರ ಸೇರಿದ್ದರೆ, ಒಡೆತನ ಸರಿಪಡಿಸದೆ ಎಲ್-1ಗೆ ಹೋಗಬೇಡಿ. ಹೊರಗೆ ಹತ್ತಾರು ಜನರ ತಂಡ ಇದ್ದು ಸಂಗಾತಿಯ ಕೆಲಸವೂ ಮುಖ್ಯವಾದರೆ ಎಲ್-1 ಮೊದಲು, ಓ-1 ಆಮೇಲೆ. ತಂಡ ಸಣ್ಣದು, ಹೂಡಿಕೆ ಬಂದಿದೆ, ಕೆಲಸದ ಬಗ್ಗೆ ಹೊರಗಿನವರು ಮಾತಾಡುತ್ತಿದ್ದಾರೆ ಅಂದರೆ ಓ-1. ಈಗಾಗಲೇ ಎಚ್-1ಬಿಯಲ್ಲಿದ್ದರೆ ನಿಮ್ಮ ಸ್ಟಾರ್ಟಪ್‌ನಿಂದ ಎರಡನೇ ಎಚ್-1ಬಿ, ಜೊತೆಗೇ ಎನ್‌ಐಡಬ್ಲ್ಯೂ. ಇದು ನನ್ನ ಅಭಿಪ್ರಾಯ, ನಿಮ್ಮ ದಾಖಲೆ ನೋಡಿದ ವಕೀಲರು ಬೇರೆ ಹೇಳಿದರೆ ಅವರಿಂದ ಕಾರಣ ಕೇಳಿ ತಿಳಿದುಕೊಳ್ಳಿ.

ವಕೀಲರನ್ನು ಆರಿಸುವಾಗ ದೊಡ್ಡ ಕಂಪನಿಗಳ ಸಾವಿರಾರು ನೌಕರರ ಎಚ್-1ಬಿ ನೋಡುವವರಿಗಿಂತ, ಕಂಪನಿಯ ಒಡೆಯರೇ ಅರ್ಜಿದಾರರಾದ ಪ್ರಕರಣಗಳನ್ನು ಮಾಡಿದವರನ್ನು ಹುಡುಕಿ. ತಿರಸ್ಕಾರ ಆದ ಪ್ರಕರಣ ಯಾವುದು, ಯಾಕೆ ಆಯಿತು ಅಂತ ಕೇಳಿ. ಇದಕ್ಕೆ ಬಿಚ್ಚಿ ಉತ್ತರ ಕೊಡುವವರು ಒಳ್ಳೆಯವರು. ನೂರಕ್ಕೆ ನೂರು ಮಾಡಿಸಿಕೊಡುತ್ತೇನೆ ಅನ್ನುವವರ ಹತ್ತಿರ ಹಣ ಕಟ್ಟಬೇಡಿ.

ದಿನಗಳ ಲೆಕ್ಕವನ್ನು ಹಿಂದಿನಿಂದ ಹಾಕಿ. ಓ-1, ಎಲ್-1, ಎಚ್-1ಬಿಗೆ ಪ್ರೀಮಿಯಂ ಪ್ರಾಸೆಸಿಂಗ್, ಅಂದರೆ ಅರ್ಜಿ ಬೇಗ ನೋಡಲು ಹೆಚ್ಚಿನ ಶುಲ್ಕ, ಕಟ್ಟಿದರೆ 15 ಕೆಲಸದ ದಿನದಲ್ಲಿ ಉತ್ತರ ಬರುತ್ತದೆ, ಎನ್‌ಐಡಬ್ಲ್ಯೂಗೆ 45. ಆ ಉತ್ತರ ಮಂಜೂರಾತಿಯೇ ಆಗಬೇಕಿಲ್ಲ, ಇನ್ನಷ್ಟು ದಾಖಲೆ ಕೇಳುವ ಆರ್‌ಎಫ್‌ಇ ಕೂಡ ಆಗಬಹುದು. ಆರ್‌ಎಫ್‌ಇ ಬಂದರೆ ಗಾಬರಿ ಆಗಬೇಡಿ, ಅಧಿಕಾರಿಗೆ ಎಲ್ಲಿ ಅನುಮಾನ ಇದೆ ಅಂತ ಅದರಲ್ಲೇ ಬರೆದಿರುತ್ತದೆ. ಆದರೆ ಅರ್ಜಿ ಮಂಜೂರಾದ ಮೇಲೂ ಹೊರಗಿರುವವರು ಕಾನ್ಸುಲೇಟ್ ಸಂದರ್ಶನಕ್ಕೆ ದಿನಾಂಕ ಹಿಡಿಯಬೇಕು, ಅದಕ್ಕೆ ಪ್ರೀಮಿಯಂ ಇಲ್ಲ. ಅಮೆರಿಕದ ಒಳಗಿದ್ದು ಸ್ಥಿತಿ ಬದಲಾವಣೆಗೆ ಹಾಕಿದ್ದರೆ, ಅದು ತೀರ್ಮಾನ ಆಗುವವರೆಗೆ ದೇಶ ಬಿಟ್ಟು ಹೋಗಬೇಡಿ, ಹೋದರೆ ಆ ಕೋರಿಕೆಯನ್ನು ಕೈಬಿಟ್ಟ ಹಾಗೆ. ಇನ್ನು ಎಚ್-1ಬಿ, ಎಲ್-1, ಓ-1ರಲ್ಲಿ ಕೆಲಸ ನಿಂತರೆ ಸಿಗುವುದು ಗರಿಷ್ಠ 60 ದಿನ, ಅದೂ ಐ-94 ಅಷ್ಟು ದಿನ ಬಾಕಿ ಇದ್ದರೆ. ಕೋ-ಫೌಂಡರ್ ಜೊತೆ ಜಗಳವಾಗಿ ಬೋರ್ಡ್ ನಿಮ್ಮನ್ನು ಹೊರಗೆ ಹಾಕಿದರೂ ಇದೇ 60 ದಿನ. ಷೇರುದಾರರ ಒಪ್ಪಂದ ಬರೆಸುವಾಗಲೇ, ಫೌಂಡರ್ ಹೊರಹೋಗುವ ಸಂದರ್ಭ ಬಂದರೆ ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು, ಆ ದಿನಗಳಲ್ಲಿ ಪೇರೋಲ್‌ನಲ್ಲಿ ಇರುತ್ತಾರಾ ಅನ್ನುವುದನ್ನು ಸೇರಿಸಿ ಬರೆಸಿ.